ಇ-ಪೋರ್ಟ್‌ಫೋಲಿಯೊ ಅಂದ್ರೆ ಇನ್ನೊಂದು ದಾಖಲೆನಾ ಮೇಡಂ?

ಶಿಕ್ಷಕರ ತರಬೇತಿಗಳಲ್ಲಿ ಇ-ಪೋರ್ಟ್‌ಫೋಲಿಯೊ (ಶಿಕ್ಷಕರು ತಮ್ಮ ಪಾಠದ ಸಾಕ್ಷಿಗಳನ್ನು ಮೊಬೈಲ್ ಅಥವಾ ಕಂಪ್ಯೂಟರಿನಲ್ಲಿ ಕೂಡಿಡುವ ಸಂಗ್ರಹ) ವಿಷಯ ಎತ್ತಿದರೆ ಸಾಕು, ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ. "ಮೇಡಂ, ಪಾಠ ಯೋಜನೆ ಬರೀತೀವಿ, ಬಿಸಿಯೂಟದ ಲೆಕ್ಕ ಬರೀತೀವಿ, ಎಸ್‌ಎಟಿಎಸ್‌ಗೆ ಆನ್‌ಲೈನಲ್ಲಿ ಮಕ್ಕಳ ಮಾಹಿತಿ ತುಂಬ್ತೀವಿ. ಈಗ ಇದೂ ಒಂದಾ?" ಕೇಳಿದವರಿಗೆ ಚಪ್ಪಾಳೆಯೂ ಸಿಗುತ್ತದೆ. ಪ್ರಶ್ನೆ ನ್ಯಾಯವಾದದ್ದೇ ಬಿಡಿ.

ನನ್ನ ಉತ್ತರ ಇದು: ಮೇಲಿನವರಿಗೆ ತೋರಿಸೋಕೆ ಅಂತಾದರೆ ಬೇಡವೇ ಬೇಡ. ನಿಮ್ಮ ಪಾಠವನ್ನು ನೀವೇ ಇನ್ನೊಮ್ಮೆ ನೋಡೋಕೆ ಅಂತಾದರೆ, ವಾರಕ್ಕೆ ಅರ್ಧ ಗಂಟೆ ಕೊಡಿ.

ಹೆಚ್ಚಿನವರ ಇ-ಪೋರ್ಟ್‌ಫೋಲಿಯೊ ತೆರೆದರೆ ಏನಿರುತ್ತದೆ? ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾದ ಕೋರ್ಸಿನ ಸರ್ಟಿಫಿಕೇಟು, ಶಿಕ್ಷಕರಿಗಾಗಿ ಇರುವ ನಿಷ್ಠಾ ತರಬೇತಿಯ ಸರ್ಟಿಫಿಕೇಟು, ಪ್ರತಿಭಾ ಕಾರಂಜಿಯ ಫೋಟೊ, ಶಾಲು ಹೊದಿಸಿಕೊಂಡ ಫೋಟೊ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆಯಲ್ಲಿ ತೊಡಗಬೇಕು ಅಂತಿದೆ. ಆ 50 ಗಂಟೆ ಎಲ್ಲರಿಗೂ ನೆನಪಿದೆ. ಅದೇ ವಾಕ್ಯದಲ್ಲಿ "ಅವರವರ ಆಸಕ್ತಿಗೆ ತಕ್ಕಂತೆ" ಅನ್ನುವ ಅರ್ಥದ ಮಾತೂ ಇದೆ, ಅದು ಮಾತ್ರ ಯಾರಿಗೂ ನೆನಪಿಲ್ಲ. ನಾನು ಕೋರ್ಸ್ ಮುಗಿಸಿದೆ ಅಂತ ಸರ್ಟಿಫಿಕೇಟು ಹೇಳುತ್ತದೆ. ಮಾರನೇ ದಿನ ತರಗತಿಯಲ್ಲಿ ಏನು ಬದಲಾಯಿತು ಅಂತ ಅದು ಹೇಳುವುದಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಣ ತಜ್ಞ ಲೀ ಶುಲ್ಮನ್ ಮತ್ತು ಅವರ ತಂಡ 1980ರ ದಶಕದ ಕೊನೆಯ ವರ್ಷಗಳಲ್ಲೇ ಶಿಕ್ಷಕರ ಪೋರ್ಟ್‌ಫೋಲಿಯೊ ಪ್ರಯೋಗ ಮಾಡಿತ್ತು. ಆಗ ಎಲ್ಲವೂ ಕಾಗದದ್ದೇ. ಬರೀ ಲಿಖಿತ ಪರೀಕ್ಷೆ ಇಟ್ಟರೆ ಶಿಕ್ಷಕರ ಕೆಲಸ ಕಾಣುವುದಿಲ್ಲ, ತರಗತಿಯೊಳಗಿನ ಸಾಕ್ಷಿ ಬೇಕು ಅನ್ನುವುದು ಅವರ ವಾದ. ಇದರ ಅಪಾಯಗಳನ್ನೂ ಶುಲ್ಮನ್ ಅವರೇ ಮುಂದೆ ಪಟ್ಟಿ ಮಾಡಿದರು. ಅದರಲ್ಲಿ ಒಂದಕ್ಕೆ ಅವರಿಟ್ಟ ಹೆಸರು 'ಲ್ಯಾಮಿನೇಷನ್'. ಒಳಗಿನ ಹೂರಣಕ್ಕಿಂತ ಮೇಲಿನ ಹೊಳಪೇ ದೊಡ್ಡದಾಗಿಬಿಡುವುದು. ನಮ್ಮ ಸ್ಟಾಫ್ ರೂಮುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಒಳಗೆ ಏನಿರಬೇಕು? ನಮ್ಮ ಕ್ಲಸ್ಟರಿನ (ಅಂದರೆ ಸುತ್ತಲಿನ ಶಾಲೆಗಳ ಗುಂಪಿನ) ಟೀಚರ್ ಒಬ್ಬರ ಪುಟ ಹೇಳುತ್ತೇನೆ. ಪುಟದಲ್ಲಿ ನಾಲ್ಕನೇ ತರಗತಿಯ ಹುಡುಗಿಯ ನೋಟ್‌ಬುಕ್ಕಿನ ಫೋಟೊ ಇದೆ. ಲೆಕ್ಕ 502ರಲ್ಲಿ 178 ಕಳೆಯುವುದು. ಹುಡುಗಿ ಬರೆದ ಉತ್ತರ 476. ಸರಿ ಉತ್ತರ 324. ನಾವಾಗಿದ್ದರೆ ಕೆಂಪು ಪೆನ್ನಲ್ಲಿ ಅಡ್ಡಗೆರೆ ಎಳೆದು ಮುಂದೆ ಹೋಗುತ್ತಿದ್ದೆವು. ಇವರು ಮೊಬೈಲ್ ಇಟ್ಟು, "ಹೇಗೆ ಮಾಡಿದೆ ಹೇಳು ಪುಟ್ಟಿ" ಅಂತ ಕೇಳಿ ರೆಕಾರ್ಡ್ ಮಾಡಿಕೊಂಡಿದ್ದಾರೆ. ಮಗುವಿನ ಉತ್ತರ: "ದೊಡ್ಡದರಲ್ಲಿ ಚಿಕ್ಕದು ಕಳೀಬೇಕು ಅಲ್ವಾ ಮಿಸ್? ಎಂಟರಲ್ಲಿ ಎರಡು ಹೋದ್ರೆ ಆರು. ಏಳರಲ್ಲಿ ಸೊನ್ನೆ ಹೋದ್ರೆ ಏಳು. ಐದರಲ್ಲಿ ಒಂದು ಹೋದ್ರೆ ನಾಲ್ಕು."

ಎಷ್ಟು ಸರಿಯಾಗಿ ಯೋಚಿಸಿದೆ ನೋಡಿ ಮಗು! ದೊಡ್ಡದರಲ್ಲಿ ಚಿಕ್ಕದು ಕಳೆಯಬೇಕು ಅಂತ ಒಂದನೇ ತರಗತಿಯಿಂದ ಹೇಳಿಕೊಟ್ಟವರು ನಾವೇ ತಾನೆ? ಕೆಳಗೆ ಟೀಚರ್ ಬರೆದದ್ದು ನಾಲ್ಕೇ ಸಾಲು. ಪಕ್ಕದ ಮನೆಯಿಂದ ಸಾಲ ತಗೋ ಅಂತೀವಿ, ಇಲ್ಲಿ ಪಕ್ಕದ ಮನೆಯಲ್ಲೇ ಸೊನ್ನೆ. ನಾಳೆ ಕಡ್ಡಿ ಕಟ್ಟು ತರಬೇಕು. ನೂರರ ಕಟ್ಟು ಬಿಚ್ಚಿ ಹತ್ತು ಹತ್ತರ ಕಟ್ಟು ಮಾಡಿಸಬೇಕು. ಆಮೇಲೆ ಅದರಲ್ಲಿ ಒಂದನ್ನು ಬಿಚ್ಚಿ ಬಿಡಿ ಮಾಡಿಸಬೇಕು. ಮುಂದಿನ ಪುಟದಲ್ಲಿ ಅದೇ ಹುಡುಗಿ ಮಾಡಿದ 403ರಲ್ಲಿ 156 ಕಳೆಯುವ ಲೆಕ್ಕ. ಉತ್ತರ 247, ಸರಿ. ಅದರ ಪಕ್ಕದಲ್ಲೇ ಇನ್ನೊಬ್ಬ ಹುಡುಗನದು, ಇನ್ನೂ ತಪ್ಪು. ಅದನ್ನೂ ಹಾಕಿದ್ದಾರೆ. ನನಗೆ ತುಂಬ ಇಷ್ಟವಾದದ್ದು ಅದೇ. ಎಲ್ಲ ಮಕ್ಕಳೂ ಕಲಿತರು ಅಂತ ಬರೆದಿದ್ದರೆ ನಾನು ನಂಬುತ್ತಿರಲಿಲ್ಲ.

ಮಕ್ಕಳು ಮಾಡಿದ ಕೆಲಸವನ್ನು ಕೂಡಿಡುವ ಕೃತಿಸಂಪುಟ ಇಡಿ ಅಂತ ಸಿಸಿಇ (ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ) ಬಂದಾಗಿನಿಂದ ನಾವೇ ಹೇಳುತ್ತಾ ಬಂದಿದ್ದೇವೆ. ಇದು ಟೀಚರ್ ಕೃತಿಸಂಪುಟ, ಅಷ್ಟೇ. ಕಾಗದದಲ್ಲೇ ಇಡಬಹುದಲ್ವಾ ಅಂದರೆ, ಇಡಬಹುದು. ಆದರೆ ಆ ಮಗುವಿನ ದನಿ ಕಾಗದದಲ್ಲಿ ಕೇಳಿಸುವುದಿಲ್ಲ. ಮುಂದಿನ ವರ್ಷ ಅದೇ ಪಾಠಕ್ಕೆ ಬಂದಾಗ 'ಕಳೆಯುವ ಲೆಕ್ಕ' ಅಂತ ಹುಡುಕಿದರೆ ಹಳೇ ಪುಟ ತಟ್ಟನೆ ಸಿಗುವುದೂ ಇಲ್ಲ.

ಯಾವ ಆ್ಯಪ್ ಅನ್ನುವುದು ಎರಡನೇ ಪ್ರಶ್ನೆ. ಇದಕ್ಕಂತಲೇ ಮಾಡಿದ ಮಹಾರಾ ಅನ್ನುವ ಮುಕ್ತ ತಂತ್ರಾಂಶ ನ್ಯೂಜಿಲೆಂಡಿನಿಂದ ಬಂದಿದೆ, ಆದರೆ ಅದನ್ನು ಸರ್ವರಿನಲ್ಲಿ ಕೂರಿಸಲು ಯಾರಾದರೂ ಬೇಕು. ನಮಗೆ ಗೂಗಲ್ ಸೈಟ್ಸ್ ಧಾರಾಳ ಸಾಕು. ಅದೂ ಕಷ್ಟ ಅಂದರೆ ಡ್ರೈವಿನಲ್ಲಿ ಒಂದು ಫೋಲ್ಡರ್ ಮಾಡಿ. ಉಚಿತ ಜಾಗ 15 ಜಿಬಿ, ಅದರಲ್ಲೇ ಜಿಮೇಲೂ ಫೋಟೊಗಳೂ ಸೇರಿವೆ. ಹಾಗಾಗಿ ಇಡೀ ಪಾಠದ ವಿಡಿಯೊ ಬೇಡ, ಎರಡು ನಿಮಿಷದ ತುಣುಕು ಇಡಿ. ಕನ್ನಡ ಟೈಪಿಂಗ್ ಬೇಜಾರು ಅನ್ನುವವರು ಕೀಬೋರ್ಡಿನ ಮೈಕ್ ಒತ್ತಿ ಮಾತಾಡಿ, ಅದೇ ಬರೆದುಕೊಳ್ಳುತ್ತದೆ. ಖಾತೆ ನಿಮ್ಮ ಸ್ವಂತದ್ದೇ ಇರಲಿ, ಶಾಲೆಯದು ಬೇಡ. ವರ್ಗಾವಣೆ ಆದರೆ ಪಾಸ್‌ವರ್ಡ್ ಅಲ್ಲೇ ಉಳಿಯುತ್ತದೆ.

ಒಂದು ಎಚ್ಚರ ಮಾತ್ರ ಬೇಕು. ನೋಟ್‌ಬುಕ್ಕಿನ ಫೋಟೊ ಸಾಕು, ಮಗುವಿನ ಮುಖ ಬೇಡ, ಹೆಸರು ಬೇಡ. 18 ವರ್ಷದೊಳಗಿನವರ ವಿವರಗಳಿಗೆ ಪೋಷಕರ ಒಪ್ಪಿಗೆ ಬೇಕು ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲೇ ಇದೆ. ದನಿ ರೆಕಾರ್ಡ್ ಮಾಡುವುದಿದ್ದರೆ ಮನೆಯವರನ್ನು ಕೇಳಿಯೇ ಮಾಡಿ. ಲಿಂಕನ್ನು ಎಲ್ಲರಿಗೂ ತೆರೆದಿಡಬೇಡಿ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ಯಾರಾದರೊಬ್ಬರು, "ಹಾಗಾದ್ರೆ ಎಲ್ಲರಿಗೂ ಕಡ್ಡಾಯ ಮಾಡಿಬಿಡಬಹುದಲ್ಲ ಮೇಡಂ" ಅನ್ನುತ್ತಾರೆ. ದಯವಿಟ್ಟು ಬೇಡ. ಕಡ್ಡಾಯವಾದ ಮೂರನೇ ದಿನಕ್ಕೆ ವಾಟ್ಸಾಪಿನಲ್ಲಿ ರೆಡಿಮೇಡ್ ಪೋರ್ಟ್‌ಫೋಲಿಯೊ ಪಿಡಿಎಫ್ ಓಡಾಡುತ್ತದೆ. ಪಾಠ ಯೋಜನೆಗೆ ಏನಾಯ್ತು ಅಂತ ನೋಡಿದ್ದೇವಲ್ಲ. ರಾಷ್ಟ್ರ ಪ್ರಶಸ್ತಿಗೆ ಅರ್ಜಿ ಹಾಕುವಾಗ ಪೋರ್ಟ್‌ಫೋಲಿಯೊ ಕೇಳುತ್ತಾರೆ, ನಿಜ. ಆಗ ನಿಮ್ಮ ಪುಟಗಳಿಂದ ಬೇಕಾದ್ದನ್ನು ಆರಿಸಿ ಬೇರೆಯದೇ ಒಂದು ಮಾಡಿಕೊಳ್ಳಿ. ನಿಮ್ಮ ಮೂಲ ಫೋಲ್ಡರ್ ಹಾಗೇ ಇರಲಿ.

ಅಧಿಕಾರಿಗಳ ಬದಲು ಪಕ್ಕದ ಶಾಲೆಯ ಟೀಚರಿಗೆ ಒಂದು ಪುಟ ತೋರಿಸಿ. ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಊಟದ ಹೊತ್ತಿಗೆ ಮೊಬೈಲ್ ಮುಂದಿಟ್ಟು, "ಈ ಮಗು ಯಾಕೆ ಹೀಗೆ ಮಾಡ್ತು ಹೇಳಿ" ಅಂತ ಕೇಳಿ. ಆ ಕಳೆಯುವ ಲೆಕ್ಕದ ಪುಟ ನನಗೆ ಸಿಕ್ಕಿದ್ದೂ ಹಾಗೆಯೇ. ಅವತ್ತು ಇನ್ನಿಬ್ಬರು ಟೀಚರುಗಳು ತಮ್ಮ ಚೀಲದಿಂದ ನೋಟ್‌ಬುಕ್ ತೆಗೆದು ಅಂಥದೇ ಉತ್ತರ ತೋರಿಸಿದರು. ಮಧ್ಯಾಹ್ನದ ಕಲಾಪ ಅರ್ಧ ಗಂಟೆ ತಡವಾಗಿ ಶುರುವಾಯಿತು. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಏನೂ ಅನ್ನಲಿಲ್ಲ, ಅವರೂ ಅಲ್ಲೇ ನಿಂತಿದ್ದರು.