ಕಥೆಗೆ ಕೂರುವ ಮುಂಚೆ ಹತ್ತು ನಿಮಿಷ: ಮೂರು ವಾರದ ಲೆಕ್ಕ

ದಿನ 1
ಕಥೆ ಎಂಟನೇ ಪುಟದಲ್ಲಿ ನಿಂತು ಒಂದೂವರೆ ತಿಂಗಳಾಯಿತು. ಒಬ್ಬಳು ತಾಯಿ ಬಸ್ ಸ್ಟ್ಯಾಂಡಿನಲ್ಲಿ ಮಗನಿಗೆ ಕಾಯುತ್ತಿದ್ದಾಳೆ. ಅವನೂ ಬರುತ್ತಿಲ್ಲ, ಮುಂದಿನ ವಾಕ್ಯವೂ ಬರುತ್ತಿಲ್ಲ. ಸಂಗೀತದವರು ಸರಳೆ, ಜಂಟಿ ವರಸೆ ಹಾಡಿಕೊಂಡು ಆಮೇಲೆ ಕೀರ್ತನೆಗೆ ಬರುತ್ತಾರಲ್ವಾ? ನಾನೂ ಬೆಳಿಗ್ಗೆ ಹತ್ತು ನಿಮಿಷ ಸುಮ್ನೆ ಕೈ ಪಳಗಿಸಿ ಕಥೆಗೆ ಕೂರೋಣ ಎಂದು ಶುರು ಮಾಡಿದೆ.

ಮೊದಲು ಎಲ್ಲರೂ ಹೇಳುವುದನ್ನೇ ಮಾಡಿದೆ. ಪೆನ್ನು ಎತ್ತಬಾರದು, ತಿದ್ದಬಾರದು, ತಲೆಗೆ ಬಂದದ್ದನ್ನೆಲ್ಲ ಬರೆಯಬೇಕು. ಅಮೆರಿಕದ ಮೇಷ್ಟ್ರು ಪೀಟರ್ ಎಲ್ಬೊ 1973ರ ತಮ್ಮ ಪುಸ್ತಕದಲ್ಲಿ ಹೇಳಿಕೊಟ್ಟ ಅಭ್ಯಾಸ ಇದು.

ದಿನ 5
ಬಿಟ್ಟೆ. ಹಾಳೆ ತಿರುವಿ ನೋಡಿದರೆ ಬರೀ ಗೊಣಗಾಟ. ಹಾಲು ತಡ, ಸೊಂಟ ನೋವು, ಎದುರು ಮನೆಯ ಡ್ರಿಲ್ಲಿಂಗ್. ಮನಸ್ಸು ಹಗುರಾಗುವುದು ನಿಜ. ಆದರೆ ಭಾರವಾಗಿದ್ದದ್ದು ನನ್ನ ಮನಸ್ಸಲ್ಲ, ಸೋಮಾರಿಯಾಗಿದ್ದದ್ದು ನನ್ನ ವಾಕ್ಯ.

ದಿನ 6
ಸಭೆಯಲ್ಲಿ ಕೇಳಿದ್ದಕ್ಕೆ ಆಗಲೇ ಪದ್ಯ ಕಟ್ಟಿ ಹೇಳುವ ಅವಧಾನ ನಮ್ಮಲ್ಲೇ ಇದೆಯಲ್ಲ ಎಂದು ಹೊಳೆಯಿತು. ಅದರ ದತ್ತಪದಿ ಎಂಬ ಭಾಗದಲ್ಲಿ ಪೃಚ್ಛಕರು, ಅಂದರೆ ಪ್ರಶ್ನೆ ಹಾಕುವವರು, ನಾಲ್ಕು ಪದ ಕೊಡುತ್ತಾರೆ, ಅವಧಾನಿ ಅವನ್ನು ಪದ್ಯದ ನಾಲ್ಕು ಪಾದಗಳಲ್ಲಿ ಕೂರಿಸಬೇಕು. ಛಂದಸ್ಸು ನನ್ನ ಕೈಲಾಗದು. ನಾಲ್ಕು ವಾಕ್ಯ ಸಾಕು ಎಂದುಕೊಂಡು ಮಗಳನ್ನು ಕೇಳಿದೆ. ಹಲ್ಲುಜ್ಜುತ್ತಲೇ ಹೇಳಿದಳು: ಹಲ್ಲಿ, ಇಎಂಐ, ಉಪ್ಪಿನಕಾಯಿ, ಟ್ರೆಡ್‌ಮಿಲ್. ವಿಷಯ, ಮದುವೆ. ಕೊನೆಯ ಇಎಂಐ ಕಟ್ಟಿದ ದಿನ ಟ್ರೆಡ್‌ಮಿಲ್ ಮೇಲೆ ಉಪ್ಪಿನಕಾಯಿ ಜಾಡಿ ಒಣಗುತ್ತಿತ್ತು, ಹಲ್ಲಿ ಲೊಚಗುಟ್ಟಿತು. ನಾಲ್ಕು ವಾಕ್ಯ ಒಂದೇ ಆಯಿತು, ಇರಲಿ. ಅವಧಾನದಲ್ಲಿ ನಡುವೆ ಬಾಯಿ ಹಾಕಿ ಗಮನ ಕೆಡಿಸಲು ಅಪ್ರಸ್ತುತ ಪ್ರಸಂಗಿ ಅಂತಲೇ ಒಬ್ಬರು ಇರುತ್ತಾರೆ. ನಮ್ಮಲ್ಲಿ ಆ ಕೆಲಸಕ್ಕೆ ಕುಕ್ಕರ್ ಇದೆ.

ದಿನ 12
ಈ ವಾರದ್ದೇ ನಿಜವಾದ ಸುದ್ದಿ. ತುಟಿಗೆ ತುಟಿ ತಾಗುವ ಅಕ್ಷರ ಬಿಟ್ಟು ಬರೆಯುವುದಕ್ಕೆ ನಿರೋಷ್ಠ್ಯ ಅನ್ನುತ್ತಾರೆ. ಸಂಸ್ಕೃತ ಕವಿ ದಂಡಿಯ ದಶಕುಮಾರಚರಿತದಲ್ಲಿ ಹತ್ತು ಕುಮಾರರಲ್ಲೊಬ್ಬನಾದ ಮಂತ್ರಗುಪ್ತ ತನ್ನ ಕಥೆಯನ್ನು ಹೀಗೇ ಹೇಳುತ್ತಾನೆ, ನಲ್ಲೆ ಕಚ್ಚಿದ ತುಟಿ ನೋಯುತ್ತಿರುತ್ತದೆ ಪಾಪ. ಕಟ್ಟುನಿಟ್ಟಾಗಿ ಹೋದರೆ ಉ, ಊ, ವ ಕೂಡ ಬರುವಂತಿಲ್ಲ. ಕನ್ನಡದಲ್ಲಿ ಉಕಾರ ಬಿಟ್ಟರೆ ಉಳಿಯುವುದೇನು? ನಾನು ಪ, ಫ, ಬ, ಭ, ಮ ಐದನ್ನು ಮಾತ್ರ ಬಿಟ್ಟೆ.

ಕೈ ಹಾಕಿದ್ದು ಅದೇ ಎಂಟನೇ ಪುಟಕ್ಕೆ. ಮೊದಲು ಹೀಗಿತ್ತು: "ಅಮ್ಮ ಮಗನಿಗೆ ಕಾಯುತ್ತಿದ್ದಳು. ಮಳೆ ಬರಬಹುದು ಅನ್ನಿಸಿತು. ಮನೆಗೆ ಹೋಗಬೇಕೋ ಬೇಡವೋ."

ಅಮ್ಮ ಹೋಯಿತು, ಮಗ ಹೋದ, ಮಳೆ, ಮನೆ, ಬಸ್ಸು ಎಲ್ಲ ಹೋದವು. ಅದಕ್ಕಿಂತ ದೊಡ್ಡ ಏಟು ಬೇರೆ. ಬೇಕು, ಬೇಡ, ಬಹುದು, ಬಾರದು ಎಲ್ಲವೂ ಬಕಾರದವೇ! ನನ್ನ ಪಾತ್ರಗಳು ಏನನ್ನಾದರೂ ಬಯಸುವುದು, ಅನುಮಾನಿಸುವುದು ಈ ನಾಲ್ಕು ಪದದ ಮೇಲೇ ನಿಂತಿತ್ತು ಅಂತ ಆಗಲೇ ಗೊತ್ತಾದದ್ದು. ಇಪ್ಪತ್ತು ನಿಮಿಷ ಒದ್ದಾಡಿ ಬರೆದೆ:

"ಅವ್ವ ರಸ್ತೆಯ ಅಂಚಿಗೆ ನಿಂತಿದ್ದಳು. ನಾಗೇಶ ಇನ್ನೂ ಇಳಿದಿಲ್ಲ. ಆಕಾಶ ನೋಡಿ ಸೆರಗನ್ನು ತಲೆಗೆ ಎಳೆದುಕೊಂಡಳು. ಚೀಲ ಎತ್ತಿದಳು, ಎರಡು ಹೆಜ್ಜೆ ನಡೆದಳು, ತಿರುಗಿ ಅಲ್ಲೇ ಇಟ್ಟಳು."

ಎಂಟು ಪುಟ ಹೆಸರಿಲ್ಲದೆ ಓಡಾಡಿದವನಿಗೆ ಬೇರೆ ದಾರಿಯಿಲ್ಲದೆ ಹೆಸರಿಟ್ಟೆ. ಅಮ್ಮ ಅವ್ವ ಆದ ಕೂಡಲೇ ಸೀರೆ ಇಳಕಲ್ ಆಯಿತು, ಊರೂ ಬದಲಾಯಿತು.

ದಿನ 16
ಏನೂ ಬರೆಯಲಿಲ್ಲ. ಜ್ವರ.

ದಿನ 21
ಕಥೆ ಹನ್ನೊಂದನೇ ಪುಟದಲ್ಲಿದೆ. ಕಥೆಯೊಳಗೆ ಐದಕ್ಷರದ ನಿಯಮ ಪಾಲಿಸುವುದಿಲ್ಲ, ಪಾಲಿಸಿದರೆ ಓದುವವರಿಗೆ ಶಿಕ್ಷೆ. ಆದರೆ "ಬಹುದು" ಬಂದಲ್ಲೆಲ್ಲ ಪೆನ್ನು ಒಂದು ಗಳಿಗೆ ನಿಲ್ಲುತ್ತದೆ.

"ಅಪ್ಪಾ, ನಾಳೆ ಕ ಬಿಡಿ" ಎಂದಿದ್ದಾಳೆ ಮಗಳು. ಕ ಹೋದರೆ ಕಾಯುವುದೂ ಹೋಗುತ್ತದೆ. ಅವ್ವ ಇನ್ನು ಆ ರಸ್ತೆಯಲ್ಲಿ ನಿಲ್ಲುವ ಹಾಗಿಲ್ಲ.