ನೂರು ಮೀಟರ್ ಅಂದರೆ ನೂರೇ ಮೀಟರ್ ಇರಬೇಕು

ನಾನು ಮೊಳಕಾಲ್ಮುರು ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಮಕ್ಕಳ ಬಾಯಲ್ಲಿ ಪಿ.ಟಿ. ಮೇಷ್ಟ್ರು. ಆಂಧ್ರದ ಗಡಿ ನಮಗೆ ಹತ್ತಿರ, ಚಿತ್ರದುರ್ಗ ದೂರ.

ಶಾಲಾ ಕ್ರೀಡಾಕೂಟ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತಿರುತ್ತದೆ. ಮೊದಲು ಹೋಬಳಿ ಮಟ್ಟ, ಆಮೇಲೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಗೆದ್ದವರು ಮೇಲೆ ಹೋಗುತ್ತಾರೆ. ಬೆಳಿಗ್ಗೆ ಹತ್ತೂವರೆಗೆ ಹೀಟ್ಸ್‌ನಲ್ಲಿ ಸೋತ ಮಗುವಿಗೆ ಆ ವರ್ಷದ ಓಟ ಅಲ್ಲಿಗೆ ಮುಗಿಯಿತು. ಇನ್ನು ಸಂಜೆ ಬಸ್ಸಿಗೆ ಕಾಯುವುದಷ್ಟೇ. ಅಲ್ಲಿಗೂ ಬರಲಾಗದ ಮಕ್ಕಳು ಎಷ್ಟೋ ಜನ. ಕೂಟಗಳು ನಡೆಯುವ ಹೊತ್ತಿಗೇ ಶೇಂಗಾ ಹೊಲದಲ್ಲಿ ಕಳೆ ತೆಗೆಯುವ ಕೆಲಸ ಇರುತ್ತದೆ. ಹೆಣ್ಣುಮಕ್ಕಳ ಜೊತೆ ಒಬ್ಬ ಶಿಕ್ಷಕಿ ಹೋಗಬೇಕು. ಅವರೂ ಹೋದರೆ ಶಾಲೆಯಲ್ಲಿ ಪಾಠಕ್ಕೆ ಯಾರು? ಚೆನ್ನಾಗಿ ಓಡುವ ಮಗು ಸುಮ್ನೆ ಮನೆಯಲ್ಲಿ ಕೂರುವುದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

ಹಾಗಾಗಿ ಸುತ್ತಲಿನ ಏಳು ಶಾಲೆಗಳ ನಾವು ಮೇಷ್ಟ್ರುಗಳು ಸೇರಿ ಒಂದು ಆನ್‌ಲೈನ್ ಲೀಗ್ ಶುರು ಮಾಡಿದೆವು. ಎರಡು ವಾರಕ್ಕೊಂದು ಶನಿವಾರ ಪ್ರತಿ ಶಾಲೆಯೂ ತನ್ನ ಮೈದಾನದಲ್ಲೇ 100 ಮೀಟರ್, 600 ಮೀಟರ್, ಉದ್ದ ಜಿಗಿತ, ಗುಂಡು ಎಸೆತ ನಡೆಸುವುದು. ಅಂಕಿಗಳನ್ನು ಗೂಗಲ್ ಶೀಟ್‌ಗೆ ಹಾಕುವುದು, ವಿಡಿಯೊವನ್ನು ನಮ್ಮ ವಾಟ್ಸಾಪ್ ಗುಂಪಿಗೆ ಕಳಿಸುವುದು. ಸೋಮವಾರ ಪ್ರಾರ್ಥನೆಯಲ್ಲಿ ಪಟ್ಟಿ ಓದುವುದು. ಇದಕ್ಕೆ ಪ್ರಮಾಣಪತ್ರ ಇಲ್ಲ, ಆಯ್ಕೆಗೂ ಲೆಕ್ಕವಿಲ್ಲ. ಆದರೂ ಆ ಸೋಮವಾರ ತಡವಾಗಿ ಬರುವ ಮಕ್ಕಳೇ ಇರಲಿಲ್ಲ.

ಮೊದಲ ಸುತ್ತಿನ 100 ಮೀಟರಿನಲ್ಲಿ ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಏಳೂ ಶಾಲೆಗೆ ಮೊದಲು ಬಂದಳು. 13.8 ಸೆಕೆಂಡ್. ಇಡೀ ಶಾಲೆ ಚಪ್ಪಾಳೆ ಹೊಡೆಯಿತು. ಅವಳ ಅಪ್ಪ ಸಂಜೆ ಬಂದು, 'ಏನ್ ಮೇಷ್ಟ್ರೇ, ನಮ್ ಹುಡುಗಿ ಫಸ್ಟಂತೆ' ಅಂದು ಹೋದರು.

ಎರಡು ದಿನ ಬಿಟ್ಟು ಪಕ್ಕದ ಶಾಲೆಯ ಮೇಷ್ಟ್ರು ಫೋನ್ ಮಾಡಿದರು. 'ಸಾರ್, ವಿಡಿಯೊದಲ್ಲಿ ಟೇಪ್ ಕಾಣಿಸಲಿಲ್ಲವಲ್ಲ. ಒಂದ್ಸಲ ಅಳೆದುಬಿಡಿ.' ನಮ್ಮ ಮೈದಾನದಲ್ಲಿ ನಾನು ಬರುವ ಮೊದಲಿನಿಂದಲೂ ಎರಡು ಗುರುತಿನ ಕಲ್ಲುಗಳಿದ್ದವು. ಅವುಗಳ ನಡುವೆ 100 ಮೀಟರ್ ಅಂತಲೇ ಎಲ್ಲರೂ ನಂಬಿದ್ದೆವು. ಟೇಪ್ ಹಿಡಿದು ಅಳೆದೆ. 95 ಮೀಟರ್. ನಂಬಲಾಗದೆ ಇನ್ನೊಮ್ಮೆ ಅಳೆದೆ. ಅಷ್ಟೇ ಬಂತು.

ಆ ಹುಡುಗಿಗೆ ಹೇಳಿದ್ದು ನನ್ನ ಕೆಲಸದಲ್ಲಿ ಅತಿ ಕಷ್ಟದ ದಿನ. 'ಅಂದ್ರೆ ನಾನು ಫಸ್ಟ್ ಅಲ್ವಾ ಸಾರ್?' ಅಂತ ಮಾತ್ರ ಕೇಳಿದಳು. ತಪ್ಪು ನಿನ್ನದಲ್ಲ, ನನ್ನದು ಅಂದೆ. ಪ್ರಾರ್ಥನೆಯಲ್ಲಿ ಎಲ್ಲರ ಮುಂದೆಯೂ ಅದನ್ನೇ ಹೇಳಿದೆ. ಅವಳ ಅಪ್ಪನಿಗೆ ಹೊಲಕ್ಕೇ ಹೋಗಿ ಹೇಳಿದೆ. ಸರಿಯಾದ ದೂರ ಓಡಿಸಿದಾಗ 14.6 ಬಂತು, ಮೂರನೇ ಸ್ಥಾನ.

ಅಲ್ಲಿಂದ ನಾವು ಏಳೂ ಜನ ಅಳತೆಯ ಹಿಂದೆ ಬಿದ್ದೆವು. ಹುಡುಕುತ್ತಾ ಹೋದರೆ ಇನ್ನೂ ಬೇಕಾದಷ್ಟು ಸಿಕ್ಕಿತು. ಒಂದು ಶಾಲೆಯಲ್ಲಿ ಗುರಿಯ ಬಳಿ ನಿಂತವರು ಸೀಟಿಯ ಸದ್ದು ಕೇಳಿ ಸ್ಟಾಪ್‌ವಾಚ್ ಒತ್ತುತ್ತಿದ್ದರು. ಸದ್ದು 100 ಮೀಟರ್ ದಾಟಿ ಬರಲು ಹೆಚ್ಚುಕಡಿಮೆ 0.3 ಸೆಕೆಂಡ್ ಬೇಕು. ಅಷ್ಟು ಹೊತ್ತು ಮಗು ಪುಕ್ಕಟೆಯಾಗಿ ಓಡಿರುತ್ತದೆ! ಈಗ ಓಟ ಬಿಡುವವರು ಬಾವುಟ ಕೆಳಗಿಳಿಸುತ್ತಾರೆ, ಅದನ್ನು ಕಣ್ಣಲ್ಲಿ ನೋಡಿ ಒತ್ತುತ್ತೇವೆ. ಕೈ ವಾಚಿನ ಸಮಯವನ್ನು ಮೇಲಿನ ಹತ್ತನೇ ಭಾಗಕ್ಕೆ ಏರಿಸಬೇಕು ಅನ್ನುವುದು ಅಥ್ಲೆಟಿಕ್ಸ್ ನಿಯಮ. 14.32 ಬಂದರೆ 14.4 ಅಂತಲೇ ಬರೆಯುವುದು. ಕೆಲವರು ಕೆಳಗಿಳಿಸಿ 14.3 ಬರೆದಿದ್ದರು, ಪಾಪ ಗೊತ್ತಿರಲಿಲ್ಲ. ಉದ್ದ ಜಿಗಿತದಲ್ಲಿ ಕಾಲು ಊರಿದ ಜಾಗವನ್ನಷ್ಟೇ ನೋಡುತ್ತಿದ್ದರು. ಮಗು ಹಿಂದಕ್ಕೆ ಕೈ ಊರಿದ್ದರೆ ಆ ಗುರುತಿನಿಂದಲೇ ಅಳೆಯಬೇಕು.

ಇನ್ನು ಗಾಳಿ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ದೊಡ್ಡ ಕೂಟಗಳಲ್ಲಿ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರಿಗಿಂತ ಜಾಸ್ತಿ ಇದ್ದರೆ 100 ಮೀಟರಿನ ದಾಖಲೆಯನ್ನು ಒಪ್ಪುವುದಿಲ್ಲ. ನಮ್ಮ ಹತ್ತಿರ ಗಾಳಿ ಅಳೆಯುವ ಸಾಧನ ಇಲ್ಲ. ಅದಕ್ಕೆ ಗಾಳಿ ಏಳುವ ಮುಂಚೆ, ಬೆಳಿಗ್ಗೆ ಎಂಟರೊಳಗೆ 100 ಮೀಟರ್ ಮುಗಿಸುತ್ತೇವೆ. ಆಷಾಢದಲ್ಲಿ ಅದೂ ಆಗದು. ಆಗ 600 ಮೀಟರ್ ಮಾತ್ರ.

ವಿಡಿಯೊಗೂ ಒಂದು ಕ್ರಮ ಬಂತು. ಟೇಪ್, ಬಾವುಟ, ಓಟ, ವಾಚಿನ ಮುಖ, ಎಲ್ಲ ಒಂದೇ ವಿಡಿಯೊದಲ್ಲಿ, ನಡುವೆ ನಿಲ್ಲಿಸದೆ. ನೆಟ್‌ವರ್ಕ್ ಸಿಗದ ಶಾಲೆಯವರು ಮೊದಲು ಅಂಕಿಗಳನ್ನು ಮೆಸೇಜ್ ಮಾಡಿ, ವಿಡಿಯೊವನ್ನು ರಾತ್ರಿ ಮನೆಯಿಂದ ಕಳಿಸುತ್ತಾರೆ. ಮಕ್ಕಳ ವಿಡಿಯೊ ಶಿಕ್ಷಕರ ಗುಂಪು ಬಿಟ್ಟು ಹೊರಗೆ ಹೋಗಬಾರದು, ನೋಡಿದ ಮೇಲೆ ಅಳಿಸಬೇಕು ಅಂತ ಹೆತ್ತವರಿಗೆ ಮಾತು ಕೊಟ್ಟಿದ್ದೇವೆ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಒಂದು ಸಣ್ಣ ಬದಲಾವಣೆ. ಗೆದ್ದವರಿಗಷ್ಟೇ ಅಲ್ಲ, ತನ್ನದೇ ಹಿಂದಿನ ಸಮಯಕ್ಕಿಂತ ಚೆನ್ನಾಗಿ ಓಡಿದ ಪ್ರತಿ ಮಗುವಿಗೂ ಶಾಲೆಯ ಲೆಕ್ಕಕ್ಕೆ ಒಂದು ಅಂಕ ಕೊಟ್ಟೆವು. ಯಾವತ್ತೂ ಕೊನೆಗೆ ಬರುತ್ತಿದ್ದ ಹುಡುಗ 600 ಮೀಟರಿನಲ್ಲಿ ನಾಲ್ಕು ಸೆಕೆಂಡ್ ಇಳಿಸಿದ. ಇಡೀ ತರಗತಿ ಅವನನ್ನು ಎತ್ತಿಕೊಂಡು ಕುಣಿಯಿತು.

ಖೋಖೋ, ಕಬಡ್ಡಿ ಮಾತ್ರ ಹೀಗೆ ಆಗುವುದಿಲ್ಲ. ಎದುರಾಳಿಯ ಮೈ ಬಿಸಿ ತಾಗದೆ ಕಬಡ್ಡಿ ಎಲ್ಲಿ ಬಂತು? ಅದಕ್ಕೆ ಮಕ್ಕಳನ್ನು ಬಸ್ಸು ಹತ್ತಿಸಲೇಬೇಕು. ಪ್ರಯಾಣದ ದುಡ್ಡು, ಜೊತೆಗೆ ಬರುವ ಶಿಕ್ಷಕಿ ಇವೆಲ್ಲ ನಾವು ಕೇಳುತ್ತಲೇ ಇರಬೇಕಾದ ವಿಷಯ. ಲೀಗ್ ಇದೆಯಲ್ಲ ಅಂತ ಯಾರಾದರೂ ಕೂಟಗಳನ್ನು ಕಡಿಮೆ ಮಾಡಿದರೆ ನಾನೇ ಮೊದಲು ವಿರೋಧಿಸುತ್ತೇನೆ.

ಈ ಶನಿವಾರ ಆರನೇ ಸುತ್ತು. ಈಗ ಟೇಪ್ ಹಿಡಿಯುವುದು ಆ ಹುಡುಗಿಯೇ. ಒಂದು ತುದಿಯಲ್ಲಿ ಕೂತು, ಟೇಪ್ ಬಿಗಿಯಾಯಿತಾ ಅಂತ ನೋಡಿ, ಆಮೇಲೆ ಸುಣ್ಣದ ಗೆರೆ ಹಾಕಿಸುತ್ತಾಳೆ. ಹೋದ ಸುತ್ತಿನಲ್ಲಿ ಅವಳಿಗೆ 14.3 ಬಂತು. ಅವಳ ನೋಟ್‌ಬುಕ್ಕಿನಲ್ಲಿ ಹಳೆಯ 13.8 ಇನ್ನೂ ಇದೆ, ಹೊಡೆದುಹಾಕಿಲ್ಲ. ಪಕ್ಕದಲ್ಲಿ '95 ಮೀ.' ಅಂತ ಬರೆದುಕೊಂಡಿದ್ದಾಳೆ.