ಕತ್ತಲಲ್ಲಿ ಡಿಸ್ಕ್ ಗಾಲ್ಫ್: ತುಮಕೂರಿನ ಹುಡುಗರಿಗೆ ಯಾವ ದೀಪ?

ನಾನಿರುವ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಡಿಸೆಂಬರ್ ಕೊನೆಯ ಹೊತ್ತಿಗೆ ಹಗಲು ಆರು ಗಂಟೆಯಷ್ಟೂ ಇರುವುದಿಲ್ಲ. ಮಧ್ಯಾಹ್ನ ಮೂರೂಕಾಲರ ಸುಮಾರಿಗೆ ಸೂರ್ಯ ಮುಳುಗುವ ಊರಿನಲ್ಲಿ, ಕೆಲಸ ಮುಗಿಸಿ ಬಂದು ಡಿಸ್ಕ್ ಗಾಲ್ಫ್ ಆಡುವವರಿಗೆ ದೀಪ ಇಲ್ಲದೆ ನಡೆಯುವುದಿಲ್ಲ. ತಟ್ಟೆಯಾಕಾರದ ಪ್ಲಾಸ್ಟಿಕ್ ಡಿಸ್ಕನ್ನು ಎಸೆದೆಸೆದು, ಸರಪಳಿ ತೂಗುಬಿಟ್ಟ ಬುಟ್ಟಿಗೆ ಆದಷ್ಟು ಕಡಿಮೆ ಎಸೆತಗಳಲ್ಲಿ ಸೇರಿಸುವುದು ಈ ಆಟ. ತುಮಕೂರಿನಲ್ಲಿರುವ ನನ್ನ ಅಣ್ಣನ ಮಕ್ಕಳಿಗೂ ಅದರ ಹುಚ್ಚು ಹತ್ತಿದೆ. ಬಿಸಿಲಿಳಿದ ಮೇಲೆಯೇ ಮೈದಾನಕ್ಕೆ ಹೋಗುವ ಅವರು, ಯಾವ ದೀಪ ಕಳಿಸುತ್ತೀರಿ ಎಂದು ಕೇಳುತ್ತಿದ್ದಾರೆ.

ಇಲ್ಲಿ ಎರಡು ಪದ್ಧತಿಗಳಿವೆ. ಗುಂಡಿ ಬ್ಯಾಟರಿಯ ಪುಟ್ಟ ಎಲ್‌ಇಡಿಯನ್ನು ಡಿಸ್ಕಿನ ತಳದ ನಟ್ಟನಡುವೆ ಪಾರದರ್ಶಕ ಟೇಪಿನಿಂದ ಅಂಟಿಸುವುದು ಮೊದಲನೆಯದು. ನಡು ತಪ್ಪಿದರೆ ತಿರುಗುವಾಗ ಡಿಸ್ಕ್ ಅಲುಗುತ್ತದೆ; ಸಿಆರ್2032 ಎಂಬ ಗುಂಡಿ ಬ್ಯಾಟರಿಯೊಂದೇ ಸುಮಾರು 3 ಗ್ರಾಂ ತೂಗುವುದರಿಂದ, ಸರಿಯಾಗಿ ಅಂಟಿಸಿದರೂ ಹಗುರವಾದ ಡಿಸ್ಕಿನ ಹಾರಾಟದಲ್ಲಿ ವ್ಯತ್ಯಾಸ ಕಾಣುತ್ತದೆ. ಅಂಗಡಿಯವರು ಸಾಮಾನ್ಯವಾಗಿ ಹೇಳದ ಇನ್ನೊಂದು ಮಾತಿದೆ: ಡಿಸ್ಕ್ ಮಾಮೂಲಾಗಿ ಬೋರಲು ಬೀಳುತ್ತದೆ, ಆಗ ತಳದ ದೀಪ ಹುಲ್ಲಿಗೆ ಮುಖ ಮಾಡಿರುತ್ತದೆ. ಆದ್ದರಿಂದ ಎಲ್‌ಇಡಿ ಬೇಕೆಂದರೆ ಬೆಳಕು ಹಾಯುವ ಪಾರದರ್ಶಕ ಡಿಸ್ಕನ್ನೇ ಕೊಳ್ಳಬೇಕು. ಗಾಢ ಬಣ್ಣದ ಡಿಸ್ಕಿಗೆ ದೀಪ ಅಂಟಿಸುವುದು ಹಣ ದಂಡ. ಇಲ್ಲಿನ ತೆಳು ಹಿಮದಲ್ಲಿ ಹೂತ ಡಿಸ್ಕಿನ ಮೇಲೆ ಹಿಮವೇ ಬೆಳಗಿ ಜಾಗ ತೋರಿಸುತ್ತದೆ, ಆದರೆ ನಮ್ಮೂರಿನ ಒಣಹುಲ್ಲಿನಿಂದ ಆ ಉಪಕಾರ ನಿರೀಕ್ಷಿಸಲಾಗದು.

ಎರಡನೆಯದು ಬೆಳಕು ಹೀರಿಕೊಂಡು ಕತ್ತಲಲ್ಲಿ ಹೊಳೆಯುವ ಪುಡಿಯನ್ನು ಪ್ಲಾಸ್ಟಿಕ್ಕಿನಲ್ಲೇ ಬೆರೆಸಿದ ಡಿಸ್ಕ್. ಇದಕ್ಕೆ ಏನನ್ನೂ ಅಂಟಿಸಬೇಕಾಗಿಲ್ಲವಾದ್ದರಿಂದ ಹಾರಾಟ ಹಗಲಿನಂತೆಯೇ ಇರುತ್ತದೆ. ಆದರೆ ಹೊಳಪು ಮೊದಲ ಕೆಲವೇ ನಿಮಿಷಗಳಲ್ಲಿ ಬೇಗನೆ ಇಳಿಯುವುದರಿಂದ, ಪ್ರತಿ ಎಸೆತಕ್ಕೂ ಮುಂಚೆ ನೇರಳಾತೀತ ಟಾರ್ಚನ್ನು ಕೆಲವು ಸೆಕೆಂಡು ಹಿಡಿಯಬೇಕು. ಟಾರ್ಚುಗಳು 365 ಮತ್ತು 395 ನ್ಯಾನೊಮೀಟರ್ ತರಂಗಾಂತರದ ಬೆಳಕಿನವು ಸಿಗುತ್ತವೆ. 395ರಲ್ಲಿ ನೇರಳೆ ಬೆಳಕು ಎದ್ದು ಕಾಣುತ್ತದೆ, ಬೆಲೆಯೂ ಸಾಮಾನ್ಯವಾಗಿ ಕಡಿಮೆ, ಈ ಕೆಲಸಕ್ಕೆ ಅದು ಸಾಕು. ಎರಡನ್ನೂ ಕಣ್ಣಿಗೆ ಹಿಡಿಯಬಾರದು.

ಬುಟ್ಟಿಗೆ ಹಬ್ಬಕ್ಕೆ ತಂದ ಬ್ಯಾಟರಿ ಸರದೀಪ ಸುತ್ತಿದರಾಯಿತು. ಮುರಿದರೆ ಹೊಳೆಯುವ ರಾಸಾಯನಿಕ ಕಡ್ಡಿಗಳನ್ನು ಇಲ್ಲಿ ಕೆಲವರು ಕಟ್ಟುತ್ತಾರೆ. ಚಳಿಯಲ್ಲಿ ಅವು ಮಂದವಾಗಿ, ಆದರೆ ಹೆಚ್ಚು ಹೊತ್ತು ಉರಿಯುತ್ತವೆ, ಏಪ್ರಿಲ್ ತಿಂಗಳ ತುಮಕೂರಿನ ಸೆಕೆಯಲ್ಲಿ ಬೇಗ ಮುಗಿದುಹೋಗುತ್ತವೆ.

ತಲೆಗೆ ಕಟ್ಟುವ ದೀಪದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಅಂಗಡಿಯ ಜಾಹೀರಾತಿಗೆ ವಿರುದ್ಧ. ಪ್ರಖರವಾದಷ್ಟೂ ಅದು ಕತ್ತಲಿಗೆ ಹೊಂದಿಕೊಂಡ ಕಣ್ಣನ್ನು ಕೆಡಿಸಿ, ಹೊಳೆಯುವ ಡಿಸ್ಕನ್ನೇ ಮಂಕಾಗಿಸುತ್ತದೆ. ಮುಂಗಾರಿನ ಸಂಜೆಗಳಲ್ಲಿ ಹುಳುಗಳನ್ನೂ ಮುಖಕ್ಕೇ ಕರೆತರುತ್ತದೆ. ಕೆಂಪು ಬೆಳಕಿನ ಗುಂಡಿಯಿರುವ ಸಾಧಾರಣ ದೀಪ ಕೊಂಡು, ನಡೆಯುವಾಗ ನೆಲದ ಮೇಲೆ ಬಿಟ್ಟುಕೊಂಡು, ಎಸೆಯುವಾಗ ಆರಿಸಬೇಕು. ದೇವರಾಯನದುರ್ಗದ ತಪ್ಪಲಿನಲ್ಲಿ ಆಡುವ ಯೋಚನೆಯೂ ಹುಡುಗರಿಗಿದೆಯಂತೆ. ಚಿರತೆಗಳಿರುವ ಕಾಡಿನ ಅಂಚಿಗೆ ಯಾವ ದೀಪವನ್ನೂ ನಾನು ಶಿಫಾರಸು ಮಾಡಲಾರೆ.

ಹಾಗಾಗಿ ತಲೆಗೊಂದು ಹೊಳೆಯುವ ಡಿಸ್ಕನ್ನೂ ಎಲ್ಲರಿಗೂ ಸೇರಿ ಒಂದು ಟಾರ್ಚನ್ನೂ ಕಳಿಸುತ್ತಿದ್ದೇನೆ. ಮನೆಯಲ್ಲಿ ಕೂಸಿರುವುದರಿಂದ, ನುಂಗಿದರೆ ಅನ್ನನಾಳವನ್ನೇ ಸುಡುವ ಗುಂಡಿ ಬ್ಯಾಟರಿಗಳನ್ನು ಬೇಕೆಂದೇ ಬಿಟ್ಟಿದ್ದೇನೆ.